ಉಕ್ಕು ಎಷ್ಟು ಪೆಟ್ಟು ನುಂಗಿತು?

ಮಕ್ಕಳೇ, ನನ್ನ ತಮ್ಮನ ಮಗಳು ಪಿಎಚ್‌.ಡಿ.ಗಾಗಿ ದಿನವಿಡೀ ಉಕ್ಕು ಮುರಿಯುತ್ತಾಳೆ! ಪರಮಾಣು ಸ್ಥಾವರದ ಉಕ್ಕು.

ಕೂಡಂಕುಳಂನಂಥ ಸ್ಥಾವರದಲ್ಲಿ ಇಂಧನವಿರುವುದು ಸುಮಾರು 20 ಸೆಂಟಿಮೀಟರ್ ದಪ್ಪದ ಉಕ್ಕಿನ ಹಂಡೆಯೊಳಗೆ. ನ್ಯೂಟ್ರಾನ್ ಕಣಗಳು ವರ್ಷಗಟ್ಟಲೆ ಬಡಿದು ಉಕ್ಕು ಪೆಡಸಾಗುತ್ತದೆ. ತಣ್ಣಗಾದಾಗ ಬಾಗದೆ ಗಾಜಿನಂತೆ ಒಡೆದೀತು. ಹಂಡೆಯನ್ನೇ ಕತ್ತರಿಸಿ ನೋಡಲಾದೀತೆ? ಅದಕ್ಕೇ ಅದೇ ಉಕ್ಕಿನ ಬೆರಳುದ್ದದ ತುಂಡುಗಳನ್ನು ಮೊದಲೇ ಒಳಗಿಟ್ಟು, ಆಗಾಗ ಕೆಲವನ್ನು ಹೊರತೆಗೆಯುತ್ತಾರೆ. ಗೋಡೆಗಿಂತ ಇಂಧನಕ್ಕೆ ಹತ್ತಿರವಿಟ್ಟರೆ ತುಂಡಿಗೇ ಮೊದಲು ಮುಪ್ಪು.

55 ಮಿ.ಮೀ. ಉದ್ದದ ತುಂಡು, ನಡುವೆ 2 ಮಿ.ಮೀ. ಕಚ್ಚು. ಮೇಲಿಂದ ಬೀಸಿ ಬರುವ ಲೋಲಕದ ಸುತ್ತಿಗೆ ಅದನ್ನು ಮುರಿದು ಆಚೆ ಏರುತ್ತದೆ. ಬಿಟ್ಟ ಎತ್ತರದಲ್ಲಿ ಏರಿದ ಎತ್ತರ ಕಳೆದರೆ ಉಕ್ಕು ನುಂಗಿದ ಪೆಟ್ಟಿನ ಲೆಕ್ಕ ಸಿಕ್ಕಿತು. ಬ್ಯಾಂಕಿನಲ್ಲಿ ಜಮೆ-ಖರ್ಚು ಕಳೆದು ಬಾಕಿ ಬರೆದವನಿಗೆ ಇಷ್ಟೂ ತಿಳಿಯದೆ? ಬಾಕಿ ಕಡಿಮೆ ಬಂತೋ, ಉಕ್ಕು ಪೆಡಸಾಗಿದೆ, ಸ್ಥಾವರದವರು ಎಚ್ಚರಾಗಬೇಕು.