ಶುಂಠಿ ಕೀಳುವ ಕಾಲ

ಡಿಸೆಂಬರ್, ಬೆಳಗಿನ ಏಳು ಗಂಟೆ. ಸೊರಬದ ಗುಡವಿ ಕೆರೆಯ ಮೇಲೆ ಮಂಜು ಇನ್ನೂ ಕರಗಿಲ್ಲ. ನೀರಲ್ಲೇ ನಿಂತ ಮರಗಳಲ್ಲಿ ಗೂಡುಗಳು ಬಹುತೇಕ ಖಾಲಿ. ತಡವಾಗಿ ಹುಟ್ಟಿದ ಬಿಳಿ ಕೆಂಬರಲಿನ ಮರಿಯೊಂದು ಮಾತ್ರ ಉಳಿದಿದೆ. ಕುತ್ತಿಗೆ ಇನ್ನೂ ಬೋಳಾಗಿಲ್ಲ, ಬೂದು ಪುಕ್ಕ ಹಾಗೇ ಇದೆ. ರೆಕ್ಕೆ ಬಲಿತಿದೆ, ಕೊಂಬೆಯಿಂದ ಕೊಂಬೆಗೆ ಹಾರುತ್ತದೆ. ಆದರೂ ದೊಡ್ಡ ಹಕ್ಕಿ ಬಂದೊಡನೆ ಅದರ ಕೊಕ್ಕಿನೊಳಗೆ ತಲೆ ತೂರಿಸುತ್ತದೆ. ದೊಡ್ಡದು ಇನ್ನೂ ಉಣಿಸುತ್ತಲೇ ಇದೆ.

ಶಿಕಾರಿಪುರದ ಕಡೆ ಹೊರಟರೆ ಮೆಕ್ಕೆಜೋಳ ಮುರಿದ ಹೊಲಗಳ ಮಗ್ಗುಲಲ್ಲಿ ಶುಂಠಿ. ಎಲೆ ಹಳದಿಯಾಗಿ ಮಲಗಿತ್ತು. ಕೀಳುವ ಕಾಲ. ಮಣ್ಣು ಮಗುಚಿದಲ್ಲೆಲ್ಲ ಹುಳ ಹೆಕ್ಕಲು ಬೆಳ್ಳಕ್ಕಿಗಳು ಇಳಿದಿದ್ದವು. ಎಣಿಸುತ್ತ ಹೋದೆ. ಹದಿನೇಳಕ್ಕೆ ಎಣಿಕೆ ನಿಂತಿತು. ಹಕ್ಕಿಗಳ ನಡುವೆ ಕುಕ್ಕರಗಾಲಲ್ಲಿ ಕೂತ ಒಬ್ಬ ಹುಡುಗ. ಗೆಡ್ಡೆ ಎತ್ತುವುದು, ಮಣ್ಣು ಕೊಡವುವುದು, ಬೇರು ಹರಿಯುವುದು, ಚೀಲಕ್ಕೆ ಹಾಕುವುದು. ಹೆಬ್ಬೆರಳ ಉಗುರಿನ ಬದಿ ಸೀಳಿತ್ತು. ಶುಂಠಿ ರಸ ತಾಗಿದಾಗಲೆಲ್ಲ ಬೆರಳನ್ನು ಅಂಗಿಗೆ ಒತ್ತಿ ಹಿಡಿಯುತ್ತಿದ್ದ.

“ಶಾಲೆ ಇಲ್ವೇನೋ ತಮ್ಮಾ?”

“ಅಪ್ಪ ಮುಂಗಡ ಇಸ್ಕೊಂಡಾನ್ರಿ. ಅದು ತೀರೂಮಟ ಇಲ್ಲೇ ಇರ್ಬೇಕ್ರಿ.”

ಮುಂಗಡಕ್ಕೆ ಮಗುವಿನ ಕೈ ಒತ್ತೆ ಬಿದ್ದರೆ ಅದಕ್ಕೆ ಜೀತ ಎಂದೇ ಹೆಸರು. ಬೇರೆ ಮೆತ್ತನೆಯ ಮಾತು ಬೇಡ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯಂತೆ ಅಂಥ ಸಾಲವನ್ನು ತೀರಿಸಬೇಕಾಗಿಯೇ ಇಲ್ಲ. ಬಾಲಕಾರ್ಮಿಕ ಕಾಯ್ದೆಗೆ 2016ರ ತಿದ್ದುಪಡಿ ಬಂದ ಮೇಲೆ 14 ತುಂಬದ ಮಗುವನ್ನು ಯಾರೂ ಕೂಲಿಗೆ ಇಟ್ಟುಕೊಳ್ಳುವಂತಿಲ್ಲ. ಬದುವಿನ ಮೇಲೆ ನಿಂತೇ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿದೆ.

ಮಗುವನ್ನು ಗದ್ದೆಯಿಂದ ಕರೆದು ಜೀಪು ಹತ್ತಿಸಲು ಹೆಚ್ಚು ಹೊತ್ತು ಬೇಡ. ಆಮೇಲಿನದು ನಿಧಾನದ ಕೆಲಸ. ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರಾಗಬೇಕು. ಶಿಕಾರಿಪುರ, ಸೊರಬ ಎರಡೂ ಸಾಗರ ಉಪವಿಭಾಗಕ್ಕೆ ಸೇರಿದ ತಾಲ್ಲೂಕುಗಳು. ಅಲ್ಲಿನ ಉಪವಿಭಾಗಾಧಿಕಾರಿಯ ಕಚೇರಿಯಿಂದ ಬಿಡುಗಡೆ ಪತ್ರ ಕೈಗೆ ಬರಬೇಕು. ಆ ಒಂದು ಹಾಳೆ ಇಲ್ಲದಿದ್ದರೆ ಪುನರ್ವಸತಿಯ ಹಣಕ್ಕೆ ವರ್ಷಗಟ್ಟಲೆ ಅಲೆದಾಟ. ತಪ್ಪಿಹೋದ ಪಾಠವನ್ನು ಹಿಂದಿನ ತರಗತಿಯಿಂದ ಹಿಡಿದು ಕಲಿಸಬೇಕು. ಅಪ್ಪನಿಗೆ ಊರಲ್ಲೇ ದುಡಿಮೆ ಸಿಗಬೇಕು. ಇಲ್ಲವಾದರೆ ಮುಂದಿನ ಡಿಸೆಂಬರಿಗೆ ಅದೇ ಹುಡುಗ ಇನ್ನೊಂದು ತಾಲ್ಲೂಕಿನ ಶುಂಠಿ ಗದ್ದೆಯಲ್ಲಿ ಕೂತಿರುತ್ತಾನೆ.

ಮಾರ್ಚ್‌ವರೆಗೂ ಶುಂಠಿ ಕೀಳುತ್ತಾರೆ. ಶಾಲೆಯ ಹೊತ್ತಿನಲ್ಲಿ ಈ ದಾರಿಯಲ್ಲಿ ಹೋಗುವವರು ಗಾಡಿ ನಿಲ್ಲಿಸಿ ಗದ್ದೆಯತ್ತ ನೋಡಿ. 1098 ಹಗಲೂ ರಾತ್ರಿಯೂ ಇದೆ, ಕರೆಗೆ ದುಡ್ಡಿಲ್ಲ.