ಪರದೆ ಕಪ್ಪಾದಾಗ ಮಾತನಾಡುವ ಕಾರ್ಡು

ಬೇಸಿಗೆ ರಜೆ ಮುಗಿದು ಶಾಲೆಗಳು ತೆರೆದ ವಾರ. ಒಂದು ಹಳ್ಳಿಯ ಹಿರಿಯ ಪ್ರಾಥಮಿಕ ಶಾಲೆಯ ಮುಖ್ಯೋಪಾಧ್ಯಾಯರು ಫೋನ್ ಮಾಡಿದರು. "ಕಂಪ್ಯೂಟರ್ ಹಾಕಿದರೆ ಒಳಗಿನ ಫ್ಯಾನ್ ತಿರುಗುತ್ತದೆ, ಮುಂದಿನ ದೀಪವೂ ಉರಿಯುತ್ತದೆ. ಪರದೆ ಮಾತ್ರ ಕಪ್ಪು. ಮದರ್‌ಬೋರ್ಡ್ ಸುಟ್ಟಿದೆ, ಹೊಸದು ಹಾಕಿಸಬೇಕು ಅಂತಾರೆ. ಅಷ್ಟು ದುಡ್ಡು ನಮ್ಮಲ್ಲಿಲ್ಲ. ಒಮ್ಮೆ ಬಂದು ನೋಡ್ತೀರಾ?" ಎಂದರು. ಇಡೀ ಶಾಲೆಗೆ ಇದ್ದದ್ದು ಅದೊಂದೇ ಕಂಪ್ಯೂಟರ್.

ನಾನು ಹೊರಟಾಗ ಚೀಲದಲ್ಲಿ ಒಂದು ಸ್ಕ್ರೂಡ್ರೈವರ್, ಒಂದು ರಬ್ಬರ್ ಮತ್ತು ಅಂಗೈಯಷ್ಟು ಅಗಲದ ಒಂದು ಹಸಿರು ಕಾರ್ಡು ಇದ್ದವು. ಈ ಕಾರ್ಡಿಗೆ ಡಯಾಗ್ನೋಸ್ಟಿಕ್ ಕಾರ್ಡ್ ಅಥವಾ ಪೋಸ್ಟ್ ಕಾರ್ಡ್ ಎನ್ನುತ್ತಾರೆ. ಅಂಚೆಯ ಪೋಸ್ಟ್ ಕಾರ್ಡಿಗೂ ಇದಕ್ಕೂ ನಂಟಿಲ್ಲ. 'ಪವರ್ ಆನ್ ಸೆಲ್ಫ್ ಟೆಸ್ಟ್', ಅಂದರೆ ಕರೆಂಟ್ ಬಂದೊಡನೆ ಕಂಪ್ಯೂಟರ್ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವುದು. ಅದರ ಮೊದಲ ಅಕ್ಷರಗಳನ್ನು ಸೇರಿಸಿದರೆ 'ಪೋಸ್ಟ್'.

ಹೌದು ಮಕ್ಕಳೇ, ನೀವು ಗುಂಡಿ ಒತ್ತಿದ ಕೂಡಲೇ ಕಂಪ್ಯೂಟರ್ ನಿಮ್ಮ ಕೆಲಸಕ್ಕೆ ಇಳಿಯುವುದಿಲ್ಲ. ಮದರ್‌ಬೋರ್ಡಿನ ಮೇಲೆ ಬಯಾಸ್ ಎಂಬ ಒಂದು ಪುಟ್ಟ ಚಿಪ್ ಇರುತ್ತದೆ. ಮೊದಲು ಏನು ಮಾಡಬೇಕು, ಆಮೇಲೆ ಏನು ಎಂಬ ಆದೇಶಗಳೆಲ್ಲ ಅದರಲ್ಲಿವೆ. ಪ್ರೊಸೆಸರ್ ಎಚ್ಚರವಾಗಿ ಆ ಆದೇಶಗಳನ್ನು ಓದಲು ಶುರು ಮಾಡುತ್ತದೆ. ರ‍್ಯಾಮ್ ಇದೆಯೇ, ಅದರಲ್ಲಿ ಬರೆದದ್ದನ್ನು ಹಾಗೇ ಓದಲು ಬರುತ್ತದೆಯೇ ಎಂದು ನೋಡುತ್ತದೆ. ನಂತರ ಪರದೆಗೆ ಚಿತ್ರ ಕಳಿಸುವ ಭಾಗ, ಕೀಲಿಮಣೆ, ಹಾರ್ಡ್ ಡಿಸ್ಕ್ ಹೀಗೆ ಸಾಗುತ್ತದೆ. ಎಲ್ಲವೂ ಸರಿಯಿದ್ದರೆ ಇಷ್ಟಕ್ಕೆ ಕೆಲವು ಸೆಕೆಂಡು ಸಾಕು.

ಈ ಸಾಲಿನಲ್ಲಿ ಒಂದು ಸಂಗತಿ ಗಮನಿಸಿದಿರಾ? ಪರದೆಯ ಸರದಿ ಬರುವುದು ರ‍್ಯಾಮ್ ಆದ ಮೇಲೆ. ರ‍್ಯಾಮ್‌ನಲ್ಲೇ ದೋಷವಿದ್ದರೆ ಕಂಪ್ಯೂಟರ್ ಅಲ್ಲೇ ನಿಂತುಬಿಡುತ್ತದೆ. ಪರದೆ ಇನ್ನೂ ಎದ್ದೇ ಇಲ್ಲ, ಹಾಗಾಗಿ 'ನನಗೆ ಇಲ್ಲಿ ನೋವು' ಎಂದು ಬರೆದು ತೋರಿಸಲು ಅದಕ್ಕೆ ದಾರಿಯಿಲ್ಲ. ಒಳಗೆ ಚಿಕ್ಕ ಸ್ಪೀಕರ್ ಇದ್ದರೆ ಬೀಪ್ ಬೀಪ್ ಎಂದು ಕೂಗೀತು. ಅನೇಕ ಪೆಟ್ಟಿಗೆಗಳಲ್ಲಿ ಅದೂ ಇರುವುದಿಲ್ಲ. ಆ ಶಾಲೆಯದರಲ್ಲೂ ಇರಲಿಲ್ಲ.

ಆದರೆ ಕಂಪ್ಯೂಟರ್ ಇನ್ನೊಂದು ಕೆಲಸವನ್ನೂ ಮಾಡುತ್ತಿರುತ್ತದೆ. ಪ್ರತಿ ಹಂತಕ್ಕೂ ಒಂದು ಸಂಖ್ಯೆ ಇದೆ. ಆ ಹಂತಕ್ಕೆ ಬಂದಾಗ ಪ್ರೊಸೆಸರ್ ಆ ಸಂಖ್ಯೆಯನ್ನು 80 ಎಂಬ ವಿಳಾಸಕ್ಕೆ ಕಳಿಸುತ್ತದೆ. 1984ರಲ್ಲಿ ಬಂದ ಐಬಿಎಂ ಪಿಸಿ ಎಟಿ ಕಂಪ್ಯೂಟರಿನಲ್ಲಿ ಹೀಗೆ ಮಾಡಿದ್ದರು. ಮುಂದೆ ಬೇರೆ ಕಂಪನಿಗಳೂ ಅದೇ ಕ್ರಮ ಹಿಡಿದವು. ಸಾಮಾನ್ಯವಾಗಿ ಆ ಸಂಖ್ಯೆಯನ್ನು ಕೇಳಿಸಿಕೊಳ್ಳುವವರು ಯಾರೂ ಇರುವುದಿಲ್ಲ. ನಮ್ಮ ಕಾರ್ಡು ಕೇಳಿಸಿಕೊಳ್ಳುತ್ತದೆ, ಕೇಳಿದ್ದನ್ನು ಎರಡು ಕೆಂಪು ಅಂಕಿಗಳಲ್ಲಿ ತೋರಿಸುತ್ತದೆ. ಅದರ ಕೆಲಸ ಇಷ್ಟೇ. ಕಾರ್ಡು ಯಾವ ಪರೀಕ್ಷೆಯನ್ನೂ ತಾನು ಮಾಡುವುದಿಲ್ಲ.

ಚಾಮುಂಡಿ ಬೆಟ್ಟದ ಮೆಟ್ಟಿಲುಗಳನ್ನು ನಿಮ್ಮ ಗೆಳೆಯ ಕತ್ತಲಲ್ಲಿ ಹತ್ತುತ್ತಿದ್ದಾನೆ ಅಂದುಕೊಳ್ಳಿ. ಒಂದೊಂದು ಮೆಟ್ಟಿಲಿಗೂ ಅದರ ಸಂಖ್ಯೆ ಕೂಗುತ್ತಾ ಹೋಗುತ್ತಾನೆ. 640 ಎಂದು ಕೂಗಿದವನು ಮತ್ತೆ ಸದ್ದಿಲ್ಲ. ಕೆಳಗೆ ನಿಂತ ನಿಮಗೆ ಅವನನ್ನು ಎಲ್ಲಿ ಹುಡುಕಬೇಕೆಂದು ಗೊತ್ತಾಯಿತು. ಮುಳ್ಳು ಚುಚ್ಚಿತೋ, ಕಾಲು ಉಳುಕಿತೋ, ಸುಸ್ತಾಗಿ ಕೂತನೋ? ಅದು ಗೊತ್ತಾಗಲಿಲ್ಲ. ಹೋಗಿಯೇ ನೋಡಬೇಕು. ಕಾರ್ಡಿನ ಅಂಕಿಯೂ ಹಾಗೆಯೇ. ನಿಂತ ಜಾಗ ಹೇಳುತ್ತದೆ, ನಿಂತ ಕಾರಣ ಹೇಳುವುದಿಲ್ಲ. ಅಂಕಿ ನೋಡಿದ ಕೂಡಲೇ ಹೊಸ ಭಾಗ ಕೊಂಡು ತರುವವರು ಇದನ್ನೇ ಮರೆಯುತ್ತಾರೆ.

ಆ ಶಾಲೆಯಲ್ಲಿ ಮೊದಲು ಪ್ಲಗ್ ಕಿತ್ತು ಪೆಟ್ಟಿಗೆ ಬಿಚ್ಚಿದೆವು. ಮದರ್‌ಬೋರ್ಡಿನ ಬಿಳಿಯ ಪಿಸಿಐ ಸ್ಲಾಟಿನಲ್ಲಿ ಕಾರ್ಡು ಕೂರಿಸಿದೆವು. ಆಮೇಲೆ ಪ್ಲಗ್ ಹಾಕಿದೆವು. ಕರೆಂಟ್ ಇರುವಾಗ ಕಾರ್ಡನ್ನು ಹಾಕುವುದಾಗಲಿ ಕೀಳುವುದಾಗಲಿ ಮಾಡಬಾರದು. ಮೂಲೆಯಲ್ಲಿರುವ ಎಸ್‌ಎಂಪಿಎಸ್ ಡಬ್ಬಿಯನ್ನಂತೂ ಬಿಚ್ಚಲೇಬಾರದು. ಪ್ಲಗ್ ಕಿತ್ತ ಮೇಲೂ ಅದರೊಳಗೆ ಅಪಾಯಕಾರಿ ವಿದ್ಯುತ್ ಉಳಿದಿರುತ್ತದೆ. ನೀವು ಇದನ್ನೆಲ್ಲ ಶಿಕ್ಷಕರ ಪಕ್ಕದಲ್ಲಿ ನಿಂತು ನೋಡಬೇಕೇ ಹೊರತು ಒಬ್ಬರೇ ಮಾಡಬಾರದು.

ಕಾರ್ಡಿನ ಅಂಚಿನಲ್ಲಿ ಪುಟ್ಟ ಎಲ್‌ಇಡಿ ದೀಪಗಳ ಸಾಲಿದೆ. ಗೋಡೆಯ 230 ವೋಲ್ಟ್ ವಿದ್ಯುತ್ತನ್ನು ಎಸ್‌ಎಂಪಿಎಸ್ 12 ವೋಲ್ಟ್, 5 ವೋಲ್ಟ್, 3.3 ವೋಲ್ಟ್ ಎಂದು ಇಳಿಸಿ ಕೊಡುತ್ತದೆ. ಒಂದೊಂದಕ್ಕೂ ಒಂದು ದೀಪ. 5 ವೋಲ್ಟಿನ ದೀಪ ಹತ್ತದಿದ್ದರೆ ಮೊದಲು ಎಸ್‌ಎಂಪಿಎಸ್ ಮೇಲೆ ಅನುಮಾನ ಪಡಬೇಕು. ಇಲ್ಲಿ ದೀಪಗಳು ಸರಿಯಾಗಿಯೇ ಉರಿದವು. ಅಂಕಿಗಳು ಪಟಪಟ ಎಂದು ಬದಲಾಗಿ 'ಸಿ1' ಎಂಬಲ್ಲಿ ನಿಂತವು.

"ಸರ್, ಅಂಕಿ ಅಂದಿರಿ, ಅಕ್ಷರ ಬಂತಲ್ಲ!" ಎಂದಳು ಏಳನೇ ತರಗತಿಯ ಹುಡುಗಿಯೊಬ್ಬಳು. ಪ್ರಶ್ನೆ ಸರಿಯಾಗಿತ್ತು. ನಾವು ಹತ್ತರ ಗುಂಪಿನಲ್ಲಿ ಎಣಿಸುತ್ತೇವೆ, ಇಲ್ಲಿ ಹದಿನಾರರ ಗುಂಪು. 0 ಇಂದ 9 ಆದ ಮೇಲೆ ಹತ್ತಕ್ಕೆ ಎ, ಹನ್ನೊಂದಕ್ಕೆ ಬಿ, ಹೀಗೆ ಹದಿನೈದಕ್ಕೆ ಎಫ್. ಸಿ ಅಂದರೆ 12. ಆದ್ದರಿಂದ ಸಿ1 ಎಂದರೆ 12 ಹದಿನಾರುಗಳು ಮತ್ತು ಒಂದು, ನಮ್ಮ ಲೆಕ್ಕದಲ್ಲಿ 193. ಮೇಲೆ ಹೇಳಿದ 80 ಕೂಡ ಇದೇ ಲೆಕ್ಕದ್ದು, ಅಂದರೆ 128. ಎರಡೇ ಮನೆಗಳಲ್ಲಿ ಹೀಗೆ 256 ಬೇರೆ ಬೇರೆ ಸಂಖ್ಯೆ ಬರೆಯಬಹುದು.

ಇನ್ನು ಅದರ ಅರ್ಥ. ಇಲ್ಲೇ ಹುಷಾರಾಗಿರಬೇಕು. ಬಯಾಸ್ ಬರೆದ ಕಂಪನಿ ಯಾವುದು ಎನ್ನುವುದರ ಮೇಲೆ ಅರ್ಥ ಬದಲಾಗುತ್ತದೆ. ಅವಾರ್ಡ್ ಬಯಾಸಿನಲ್ಲಿ ಸಿ1 ಎಂದರೆ ರ‍್ಯಾಮ್ ಹುಡುಕುವ ಹಂತ. ಎಎಂಐ ಕಂಪನಿಯ ಎಂಟನೇ ಆವೃತ್ತಿಯಲ್ಲಿ ಅದೇ ಸಿ1 ಪ್ರೊಸೆಸರಿಗೆ ಸೇರಿದ್ದು. ಮದರ್‌ಬೋರ್ಡಿನ ಚಿಪ್ ಮೇಲೆ ಅಂಟಿಸಿದ ಚೀಟಿಯಲ್ಲಿ ಅವಾರ್ಡ್ ಎಂದಿತ್ತು. ಸರಿ, ರ‍್ಯಾಮ್.

ಮತ್ತೆ ಪ್ಲಗ್ ಕಿತ್ತೆವು. ಮೈಯಲ್ಲಿರುವ ಸ್ಥಾಯೀ ವಿದ್ಯುತ್ತಿನಿಂದ ಚಿಪ್‌ಗಳು ಕೆಡಬಹುದಾದ್ದರಿಂದ ಪೆಟ್ಟಿಗೆಯ ಬರಿಯ ಲೋಹದ ಭಾಗವನ್ನು ಮುಟ್ಟಿ, ಆಮೇಲೆ ರ‍್ಯಾಮ್ ಪಟ್ಟಿಯನ್ನು ಹೊರತೆಗೆದೆ. ಅದರ ಅಂಚಿನ ಹೊಂಬಣ್ಣದ ಪಟ್ಟೆಗಳು ಮಂಕಾಗಿದ್ದವು, ಸ್ಲಾಟಿನ ತುಂಬ ಧೂಳು. ಎರಡು ತಿಂಗಳು ಮುಚ್ಚಿದ ಕೋಣೆಯಲ್ಲಿತ್ತಲ್ಲ! ಪೆನ್ಸಿಲ್ ಅಳಿಸುವ ರಬ್ಬರಿನಿಂದ ಪಟ್ಟೆಗಳನ್ನು ಮೆಲ್ಲಗೆ ಉಜ್ಜಿ, ಬ್ರಷ್‌ನಿಂದ ಧೂಳು ತೆಗೆದು, ಎರಡೂ ತುದಿಯ ಕೊಂಡಿ ಟಕ್ ಎನ್ನುವವರೆಗೆ ಒತ್ತಿ ಕೂರಿಸಿದೆ.

ಈ ಸಲ ಅಂಕಿಗಳು ಸಿ1 ದಾಟಿ ಓಡಿದವು. ಕೊನೆಗೆ 'ಎಫ್‌ಎಫ್' ಎಂದು ನಿಂತವು. "ಅಯ್ಯೋ, ಮತ್ತೆ ನಿಂತೇಹೋಯ್ತು" ಎಂದರು ಮುಖ್ಯೋಪಾಧ್ಯಾಯರು. ಪ್ರೊಸೆಸರ್ ಏಳದೇ ಇದ್ದಾಗಲೂ ಕಾರ್ಡು ಕೆಲವೊಮ್ಮೆ ಎಫ್‌ಎಫ್ ತೋರಿಸುತ್ತದೆ ನಿಜ. ಆದರೆ ಅವಾರ್ಡ್‌ನಲ್ಲಿ ಎಲ್ಲ ಹಂತ ಮುಗಿದಾಗ ಬರುವುದೂ ಎಫ್‌ಎಫ್. ಮಕ್ಕಳು ಆಗಲೇ ಪರದೆಯತ್ತ ನೋಡುತ್ತಿದ್ದರು. ಅಲ್ಲಿ ಬಿಳಿ ಅಕ್ಷರಗಳು ಮೂಡಿದ್ದವು. ಖರ್ಚಾಗಿದ್ದು ಒಂದಿಷ್ಟು ರಬ್ಬರ್.

ಹೊಸ ಮದರ್‌ಬೋರ್ಡುಗಳಲ್ಲಿ ಪಿಸಿಐ ಸ್ಲಾಟ್ ಅಪರೂಪ. ಹಾಗಾಗಿ ಈ ಹಳೆಯ ಕಾರ್ಡು ಅವುಗಳಲ್ಲಿ ಕೂರುವುದಿಲ್ಲ. ಬದಲಿಗೆ ಕೆಲವು ಬೋರ್ಡುಗಳ ಮೇಲೆಯೇ ಎರಡು ಅಂಕಿಗಳ ಕಿಟಕಿ ಇರುತ್ತದೆ. ಇನ್ನು ಕೆಲವುಗಳಲ್ಲಿ ಸಿಪಿಯು, ಡಿರ‍್ಯಾಮ್, ವಿಜಿಎ, ಬೂಟ್ ಎಂದು ಬರೆದ ನಾಲ್ಕು ಪುಟ್ಟ ದೀಪಗಳಿರುತ್ತವೆ. ಯಾವುದು ಉರಿಯುತ್ತಲೇ ಉಳಿಯುತ್ತದೋ ಅಲ್ಲಿ ಹುಡುಕಬೇಕು.

ಮಾಡಿ ನೋಡಿ: ಕಾರ್ಡಿನ ಒಂದೊಂದು ಅಂಕಿಯೂ ಏಳು ಗೆರೆಗಳಿಂದ ಆಗಿದೆ. ಏಳು ತೆಂಗಿನ ಗರಿಯ ಕಡ್ಡಿಗಳನ್ನು ಸಮವಾಗಿ ಮುರಿದು 8ರ ಆಕಾರದಲ್ಲಿ ಜೋಡಿಸಿ. ಬೇಡದ ಕಡ್ಡಿ ತೆಗೆಯುತ್ತಾ 0 ಇಂದ 9, ಆಮೇಲೆ ಇಂಗ್ಲಿಷಿನ ಎ ಇಂದ ಎಫ್‌ವರೆಗಿನ ಅಕ್ಷರಗಳನ್ನು ಮಾಡಿ. ದೊಡ್ಡ ಬಿ 8ರಂತೆಯೂ ದೊಡ್ಡ ಡಿ 0ಯಂತೆಯೂ ಕಾಣುತ್ತವೆ. ಅದಕ್ಕೇ ಕಾರ್ಡಿನಲ್ಲಿ ಆ ಎರಡನ್ನೂ ಚಿಕ್ಕ ಅಕ್ಷರದಲ್ಲಿ ತೋರಿಸುತ್ತಾರೆ. ಹಾಗಾದರೆ ಚಿಕ್ಕ ಬಿ ಮತ್ತು 6, ಇವೆರಡರ ನಡುವೆ ಎಷ್ಟು ಕಡ್ಡಿಗಳ ವ್ಯತ್ಯಾಸ, ಮತ್ತು ಎಲ್ಲಿ?