ಸಣ್ಣ ದೋಣಿಗೆ ಕಡಲು ಯಾವಾಗ ಅನುಕೂಲ?

ಕಡಲ ತೀರಕ್ಕೆ ಪ್ರವಾಸ ಹೋದವರು ದೋಣಿ ಹತ್ತುವ ಮುನ್ನ ಸಾಮಾನ್ಯವಾಗಿ ನೋಡುವುದು ಆಕಾಶವನ್ನು. ಮೋಡವಿಲ್ಲ, ಮಳೆಯ ಸುಳಿವಿಲ್ಲ, ಬಿಸಿಲು ಹದವಾಗಿದೆ ಎಂದಾದರೆ ಹವಾಮಾನ ಚೆನ್ನಾಗಿದೆ ಎಂದು ಹತ್ತಿ ಕೂರುತ್ತಾರೆ. ನೆಲದ ಮೇಲಿನ ಓಡಾಟಕ್ಕೆ ಈ ಲೆಕ್ಕ ಸಾಕು. ಆರೇಳು ಮೀಟರ್ ಉದ್ದದ ದೋಣಿಗೆ ಮಾತ್ರ ಸಾಲದು. ದೋಣಿಯ ಕೆಳಗಿನ ನೀರನ್ನು ಕದಡುವ ಶಕ್ತಿಗಳು ಮುಖ್ಯವಾಗಿ ಮೂರು. ಆ ಹೊತ್ತಿಗೆ ಅಲ್ಲೇ ಬೀಸುವ ಗಾಳಿ, ಎಲ್ಲೋ ದೂರದಲ್ಲಿ ಹುಟ್ಟಿ ಬಂದ ಅಲೆ, ಮತ್ತು ಉಬ್ಬರವಿಳಿತದಿಂದಾಗುವ ನೀರಿನ ಸೆಳೆತ. ಇವು ಒಂದೊಂದಾಗಿ ಬಂದಾಗ ಸುಲಭವಾಗಿ ತಾಳಿಕೊಳ್ಳುವ ದೋಣಿ, ಎರಡು ಒಟ್ಟಿಗೆ ಬಂದಾಗ ತಾಳದೆ ಹೋಗಬಹುದು. ದೂರದರ್ಶನದ ಮಾತುಕತೆಯಲ್ಲಿ ಸಮಯದ ಅಭಾವದಿಂದ ಬಿಟ್ಟುಹೋಗುವುದು ಇಂಥ ಲೆಕ್ಕಾಚಾರದ ಭಾಗವೇ. ಅದನ್ನಿಲ್ಲಿ ಸ್ವಲ್ಪ ವಿವರವಾಗಿ ನೋಡೋಣ.

ಕಾರವಾರದ ಕೊಲ್ಲಿಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ದಕ್ಷಿಣದಲ್ಲಿ ಗುಡ್ಡವೊಂದು ಮೂಗಿನಂತೆ ಕಡಲಿಗೆ ಚಾಚಿಕೊಂಡು ನೈರುತ್ಯದ ಅಲೆಗಳನ್ನು ತಡೆಯುತ್ತದೆ. ಅದರ ಮರೆಯಲ್ಲಿ ಬಂದರು ಇದೆ. ಉತ್ತರಕ್ಕೆ ಬಂದರೆ ಕಾಳಿ ನದಿಯ ಅಳಿವೆ, ಅದರಾಚೆ ದೇವಬಾಗ. ಎದುರಿಗೆ ಕೂರ್ಮಗಡ, ದೇವಗಡ ಮೊದಲಾದ ದ್ವೀಪಗಳು. ಪ್ರಕೃತಿಯೇ ಕಟ್ಟಿಕೊಟ್ಟ ಬಂದರು ಎಂದು ಇದಕ್ಕೆ ಹೆಸರಿರುವುದು ಸುಮ್ಮನೆ ಅಲ್ಲ.

ಕೂರ್ಮಗಡದಲ್ಲಿ ಪುಷ್ಯ ಮಾಸದ ಹುಣ್ಣಿಮೆಯಂದು ನರಸಿಂಹ ದೇವರ ಜಾತ್ರೆ ನಡೆಯುತ್ತದೆ. ವರ್ಷಕ್ಕೊಮ್ಮೆ ಭಕ್ತರು ದೋಣಿಗಳಲ್ಲಿ ದ್ವೀಪಕ್ಕೆ ಹೋಗಿ ಬರುತ್ತಾರೆ. 2019ರ ಜನವರಿ 21ರಂದು ಹಾಗೆ ಮರಳುತ್ತಿದ್ದ ದೋಣಿಯೊಂದು ಮಗುಚಿ ಮಕ್ಕಳೂ ಸೇರಿದಂತೆ 16 ಮಂದಿ ತೀರಿಕೊಂಡರು. ಜನವರಿ ನಮ್ಮ ಕರಾವಳಿಯ ಶಾಂತ ತಿಂಗಳುಗಳಲ್ಲಿ ಒಂದು. ಅಂದು ಅರಬ್ಬೀ ಸಮುದ್ರದಲ್ಲಿ ಚಂಡಮಾರುತವೇನೂ ಇರಲಿಲ್ಲ. ದೋಣಿಯಲ್ಲಿ ಮಿತಿ ಮೀರಿ ಜನರಿದ್ದರೆಂದೂ ದೊಡ್ಡ ಅಲೆ ಬಡಿಯಿತೆಂದೂ ಆಗ ವರದಿಯಾಯಿತು. ಆ ದುರಂತದ ಕಾರಣವನ್ನು ತೀರ್ಮಾನಿಸುವುದು ಈ ಲೇಖನದ ಕೆಲಸವಲ್ಲ. ಆದರೆ ಶಾಂತ ತಿಂಗಳಲ್ಲಿ, ಮರೆಯಿರುವ ಕೊಲ್ಲಿಯಲ್ಲಿ ದೊಡ್ಡ ಅಲೆ ಹೇಗೆ ಏಳುತ್ತದೆ ಎಂಬುದು ವಿಜ್ಞಾನದ ವಿದ್ಯಾರ್ಥಿ ಕೇಳಲೇಬೇಕಾದ ಪ್ರಶ್ನೆ.

ಮೊದಲು ಗಾಳಿಯ ವಿಚಾರ. ಹಗಲು ನೆಲ ಬೇಗ ಕಾಯುತ್ತದೆ, ರಾತ್ರಿ ಬೇಗ ಆರುತ್ತದೆ. ಇದರಿಂದ ಹಗಲು ಕಡಲಗಾಳಿ, ರಾತ್ರಿ ನೆಲಗಾಳಿ ಎಂಬುದು ನಿಮ್ಮ ಪಠ್ಯದಲ್ಲೇ ಇದೆ. ಮಳೆಗಾಲ ಕಳೆದ ಮೇಲೆ ನಮ್ಮ ಕರಾವಳಿಯಲ್ಲಿ ಇದು ಹೆಚ್ಚು ಕಡಿಮೆ ಗಡಿಯಾರದಂತೆ ನಡೆಯುತ್ತದೆ. ಮುಂಜಾನೆ ಮೂಡಣ ದಿಕ್ಕಿನಿಂದ ಮೆಲ್ಲನೆ ಬೀಸುವ ನೆಲಗಾಳಿ ಬಿಸಿಲೇರಿದಂತೆ ನಿಲ್ಲುತ್ತದೆ. ಮಧ್ಯಾಹ್ನಕ್ಕೆ ಮುನ್ನ ಕಡಲ ಕಡೆಯಿಂದ, ಹೆಚ್ಚಾಗಿ ವಾಯವ್ಯದಿಂದ, ಗಾಳಿ ಶುರುವಾಗಿ ಎರಡರಿಂದ ಐದು ಗಂಟೆಯ ನಡುವೆ ಜೋರಾಗಿ, ಕತ್ತಲಾಗುವ ಹೊತ್ತಿಗೆ ಇಳಿಯುತ್ತದೆ. ಹಾಯಿದೋಣಿಗಳ ಕಾಲದಲ್ಲಿ ಮೀನುಗಾರರು ನಸುಕಿನ ನೆಲಗಾಳಿಯಲ್ಲಿ ಹೊರಟು ಕಡಲಗಾಳಿಯಲ್ಲಿ ಮನೆಗೆ ಮರಳುತ್ತಿದ್ದರು.

ಪ್ರವಾಸಿಗಳಿಗೆ ಇದರಲ್ಲಿ ಒಂದು ಮೋಸವಿದೆ. ಹೊರಡುವ ತೀರ್ಮಾನ ಬೆಳಗಿನದು, ಮರಳುವ ಪ್ರಯಾಣ ಮಧ್ಯಾಹ್ನದ್ದು. ಎಂಟು ಗಂಟೆಗೆ ಕನ್ನಡಿಯಂತಿದ್ದ ಕೊಲ್ಲಿಯೇ ಮೂರು ಗಂಟೆಗೆ ಬೇರೆಯಾಗಿರುತ್ತದೆ. ಆದ್ದರಿಂದ ಹವಾಮಾನ ನೋಡುವವರು ಈಗ ಹೇಗಿದೆ ಎಂದು ಕೇಳುವುದಕ್ಕಿಂತ, ನಾವು ಮರಳುವ ಹೊತ್ತಿಗೆ ಹೇಗಿರುತ್ತದೆ ಎಂದು ಕೇಳಬೇಕು.

ಗಾಳಿಯ ವೇಗವನ್ನು ಉಪಕರಣವಿಲ್ಲದೆ ಅಂದಾಜು ಮಾಡುವ ಒಂದು ಮಾನಕವನ್ನು 1805ರಲ್ಲಿ ಬ್ರಿಟಿಷ್ ನೌಕಾಧಿಕಾರಿ ಫ್ರಾನ್ಸಿಸ್ ಬೋಫರ್ಟ್ ರೂಪಿಸಿದರು. ತಿದ್ದುಪಡಿಗಳೊಂದಿಗೆ ಅದು ಇಂದಿಗೂ ಬಳಕೆಯಲ್ಲಿದೆ. ಇದರ ಮೂರನೆಯ ದರ್ಜೆಯಲ್ಲಿ, ಅಂದರೆ ಗಾಳಿ 7ರಿಂದ 10 ನಾಟ್ ಇರುವಾಗ, ಅಲ್ಲೊಂದು ಇಲ್ಲೊಂದು ತೆರೆಯ ನೆತ್ತಿಯಲ್ಲಿ ಬಿಳಿ ನೊರೆ ಕಾಣುತ್ತದೆ. 11ರಿಂದ 16 ನಾಟ್ ಆದಾಗ ನೊರೆ ಪದೇ ಪದೇ ಕಾಣುತ್ತದೆ. ಇದು ನಾಲ್ಕನೆಯ ದರ್ಜೆ. 17ರಿಂದ 21 ನಾಟ್ ಆದರೆ ಎತ್ತ ನೋಡಿದರೂ ನೊರೆಯೇ. ಒಂದು ನಾಟ್ ಎಂದರೆ ಗಂಟೆಗೆ 1.852 ಕಿಲೋಮೀಟರ್. ಇನ್ನೊಂದು ಮಾತು ನೆನಪಿರಲಿ, ಗಾಳಿಯ ಒತ್ತಡ ಅದರ ವೇಗದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. 10 ನಾಟ್ ಗಾಳಿ 20 ಆದರೆ ದೋಣಿಯ ಮೇಲಿನ ತಳ್ಳಾಟ ಎರಡರಷ್ಟಲ್ಲ, ನಾಲ್ಕರಷ್ಟು. ಅನುಭವವಿಲ್ಲದವರ ಸಣ್ಣ ದೋಣಿಗೆ ನಾಲ್ಕನೆಯ ದರ್ಜೆ ಶುರುವಾಗುವಲ್ಲೇ ಗೆರೆ ಎಳೆಯುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ.

ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂಬುದೂ ಅಷ್ಟೇ ಮುಖ್ಯ. ನೆಲದಿಂದ ಕಡಲಿನತ್ತ ಬೀಸುವ ಗಾಳಿ ದಡದಲ್ಲಿ ನಿಂತವರಿಗೆ ಗೊತ್ತೇ ಆಗುವುದಿಲ್ಲ. ಅಲೆ ಬೆಳೆಯಲು ಗಾಳಿಗೆ ನೀರಿನ ಮೇಲೆ ಓಡುವ ದೂರ ಬೇಕು. ದಡದ ಹತ್ತಿರ ಆ ದೂರವೇ ಇಲ್ಲದ್ದರಿಂದ ನೀರು ನಯವಾಗಿರುತ್ತದೆ, ಎರಡು ಮೂರು ಕಿಲೋಮೀಟರ್ ಆಚೆ ಹೋದಾಗ ನಿಜಸ್ಥಿತಿ ಕಾಣುತ್ತದೆ. ಇಂಜಿನ್ ಕೆಟ್ಟು ನಿಂತರೆ ಈ ಗಾಳಿ ದೋಣಿಯನ್ನು ದಡದಿಂದ ದೂರಕ್ಕೇ ಒಯ್ಯುತ್ತದೆ.

ಎರಡನೆಯದು ದೂರದ ಅಲೆ. ಸ್ವೆಲ್ ಎಂದು ಕರೆಯುವ ಈ ಅಲೆಗೆ ನಮ್ಮ ಊರಿನ ಗಾಳಿಯೊಂದಿಗೆ ಸಂಬಂಧವೇ ಇಲ್ಲ. ಭೂಮಧ್ಯರೇಖೆಯ ದಕ್ಷಿಣಕ್ಕೆ, 40 ಡಿಗ್ರಿ ಅಕ್ಷಾಂಶದ ಆಸುಪಾಸಿನಲ್ಲಿ ಬಿರುಗಾಳಿಯೆದ್ದರೆ ಅಲ್ಲಿನ ಅಲೆಗಳು ಹಿಂದೂ ಮಹಾಸಾಗರವನ್ನು ದಾಟಿ ನಮ್ಮಲ್ಲಿಗೆ ಬರುತ್ತವೆ. ಒಂದು ಅಲೆಯ ನೆತ್ತಿ ಹಾದು ಮುಂದಿನ ನೆತ್ತಿ ಬರುವವರೆಗಿನ ಕಾಲವೇ ಅಲೆಯ ಅವಧಿ. 15 ಸೆಕೆಂಡ್ ಅವಧಿಯ ಅಲೆಗೆ ಆಳ ಸಮುದ್ರದಲ್ಲಿ ಸುಮಾರು 350 ಮೀಟರ್ ಉದ್ದ. ಅಂಥ ಅಲೆಗಳ ಗುಂಪು ಗಂಟೆಗೆ 42 ಕಿಲೋಮೀಟರಿನಂತೆ, ಎಂದರೆ ದಿನಕ್ಕೆ ಸುಮಾರು ಸಾವಿರ ಕಿಲೋಮೀಟರ್, ಸಾಗುತ್ತದೆ. ಆರು ಸಾವಿರ ಕಿಲೋಮೀಟರಿಗೆ ಆರು ದಿನ. ಅಲ್ಲಿನ ಬಿರುಗಾಳಿ ಅಡಗಿ ಎಷ್ಟೋ ದಿನಗಳಾದ ಮೇಲೆ, ಇಲ್ಲಿ ಗಾಳಿಯೇ ಇಲ್ಲದ ದಿನ ಅಲೆ ಏಳುತ್ತದೆ. ಕೇರಳದ ಮೀನುಗಾರರು ಇದನ್ನು ‘ಕಳ್ಳಕ್ಕಡಲ್’ ಎನ್ನುತ್ತಾರೆ. ಕನ್ನಡಿಗರಿಗೆ ಆ ಹೆಸರಿನ ಅರ್ಥ ಬಿಡಿಸಿ ಹೇಳಬೇಕಿಲ್ಲ.

ಹೊರಗಿನ ಆಳ ನೀರಿನಲ್ಲಿ ಈ ಉದ್ದನೆಯ ಅಲೆ ದೋಣಿಯನ್ನು ಮೆಲ್ಲಗೆ ಎತ್ತಿ ಇಳಿಸುತ್ತದೆ, ಅಷ್ಟೇ. ತೊಂದರೆಯಿರುವುದು ಆಳ ಕಡಿಮೆಯಾದಲ್ಲಿ. ಆಳ ಕಡಿಮೆಯಾದಂತೆ ಅಲೆಯ ವೇಗ ತಗ್ಗುತ್ತದೆ. ಗಾಜಿನೊಳಗೆ ಬೆಳಕು ಬಾಗುವ ಹಾಗೆ ಅಲೆಯೂ ಬಾಗಿ ಗುಡ್ಡದ ಮೂಗನ್ನು ಸುತ್ತಿ ಕೊಲ್ಲಿಯ ಒಳಕ್ಕೆ ತಿರುಗುತ್ತದೆ. ಹೀಗಾಗಿ ಮರೆ ಎಂಬುದು ಪೂರ್ತಿ ಮರೆಯಲ್ಲ. ನೀರಿನ ಆಳವು ಅಲೆಯ ಎತ್ತರದ ಸುಮಾರು 1.3 ಪಟ್ಟಿಗೆ ಇಳಿದಾಗ ಅಲೆ ಮುರಿದು ಬೀಳುತ್ತದೆ. ಇಂಥ ಅಲೆಗಳು ಗುಂಪು ಗುಂಪಾಗಿ ಬರುವುದರಿಂದ ಎರಡು ನಿಮಿಷ ನೋಡಿ ಸುಮ್ಮನಿದೆ ಎಂದುಕೊಂಡರೆ ಸಾಲದು. ಮರಳದಿಬ್ಬ ಇರುವಲ್ಲಿ ಕನಿಷ್ಠ ಹತ್ತು ಹದಿನೈದು ನಿಮಿಷ ನಿಂತು ನೋಡಬೇಕು.

ಈಗ ಅಳಿವೆಗೆ ಬರೋಣ. ನನ್ನ ದೃಷ್ಟಿಯಲ್ಲಿ ಈ ವಿಷಯದ ತಿರುಳು ಇರುವುದೇ ಇಲ್ಲಿ. ಇಳಿತದ ವೇಳೆ ನದಿಯ ನೀರೂ ಹಿನ್ನೀರೂ ಸೇರಿ ಅಳಿವೆಯ ಇಕ್ಕಟ್ಟಿನಿಂದ ಕಡಲಿಗೆ ಹರಿಯುತ್ತವೆ. ಅದೇ ವೇಳೆ ಎದುರಿನಿಂದ ಕಡಲಗಾಳಿಯ ಅಲೆ ಒಳಬರುತ್ತದೆ. ಎದುರು ಸೆಳೆತಕ್ಕೆ ಸಿಕ್ಕ ಅಲೆ ಕುಗ್ಗಿ, ಎತ್ತರವಾಗಿ, ಕಡಿದಾಗುತ್ತದೆ. ಒಂದು ಲೆಕ್ಕ ಮಾಡಿ ನೋಡಿ. 4 ಸೆಕೆಂಡ್ ಅವಧಿಯ ಅಲೆಗೆ ನಿಂತ ನೀರಿನಲ್ಲಿ 25 ಮೀಟರ್ ಉದ್ದ. ಎತ್ತರ ಅರ್ಧ ಮೀಟರ್ ಎಂದಿಟ್ಟುಕೊಳ್ಳಿ. ಸೆಕೆಂಡಿಗೆ ಒಂದು ಮೀಟರ್ ವೇಗದ ಎದುರು ಸೆಳೆತವನ್ನು ಅದು ಹೊಕ್ಕಾಗ ಉದ್ದ 16 ಮೀಟರಿಗೆ ಇಳಿಯುತ್ತದೆ, ಎತ್ತರ 80 ಸೆಂಟಿಮೀಟರಿಗೆ ಏರುತ್ತದೆ. ಕಡಿದು ಎರಡೂವರೆ ಪಟ್ಟು ಹೆಚ್ಚಿದ ಹಾಗಾಯಿತು. ಗಾಳಿಯಲ್ಲಿ ಬದಲಾವಣೆಯಿಲ್ಲ, ಆಕಾಶವೂ ಹಾಗೆಯೇ ಇದೆ. ಜನ ತುಂಬಿ ಅಂಚು ನೀರಿನ ಸಮೀಪಕ್ಕೆ ಇಳಿದಿರುವ ದೋಣಿಗೆ ಅರ್ಧ ಮೀಟರಿನ ಅಲೆಗೂ 80 ಸೆಂಟಿಮೀಟರಿನ ಅಲೆಗೂ ಇರುವ ವ್ಯತ್ಯಾಸ ಏನೆಂದು ಹೇಳಬೇಕಾಗಿಲ್ಲ. ನೀರು ಒಳಗೆ ಬಿದ್ದೊಡನೆ ಜನ ಎದ್ದು ಒಂದೇ ಪಕ್ಕಕ್ಕೆ ಸರಿಯುತ್ತಾರೆ, ಗುರುತ್ವ ಕೇಂದ್ರ ಮೇಲೇರುತ್ತದೆ.

ಅಮಾವಾಸ್ಯೆ ಹುಣ್ಣಿಮೆಗಳಂದು ಸೂರ್ಯ ಚಂದ್ರರ ಸೆಳೆತ ಕೂಡಿಕೊಳ್ಳುವುದರಿಂದ ಉಬ್ಬರವಿಳಿತದ ವ್ಯತ್ಯಾಸ ಹೆಚ್ಚು, ಅಳಿವೆಯ ಸೆಳೆತವೂ ಹೆಚ್ಚು. ಆ ದಿನಗಳಲ್ಲಿ ನಮ್ಮ ಕರಾವಳಿಯಲ್ಲಿ ಉಬ್ಬರ ತುಂಬುವುದು ಸುಮಾರಾಗಿ ನಡುಹಗಲಿನ ಆಸುಪಾಸಿನಲ್ಲಿ. ಅಲ್ಲಿಂದ ಸಂಜೆಯವರೆಗೆ ಇಳಿತ. ಕಡಲಗಾಳಿ ಜೋರಾಗುವುದೂ ಆಗಲೇ. ಹುಣ್ಣಿಮೆಯ ಮಧ್ಯಾಹ್ನ ಅಳಿವೆಯ ಮುಂದೆ ಇವೆರಡೂ ಎದುರುಬದುರಾಗುವುದು ಆಕಸ್ಮಿಕವಲ್ಲ, ಪಂಚಾಂಗ ನೋಡಿ ಮೊದಲೇ ಹೇಳಬಹುದಾದ ಸಂಗತಿ. 2019ರ ಆ ಜನವರಿ 21 ಸಾಮಾನ್ಯ ಹುಣ್ಣಿಮೆಯೂ ಆಗಿರಲಿಲ್ಲ. ಚಂದ್ರ ಭೂಮಿಗೆ ಅತಿ ಸಮೀಪ ಬಂದಿದ್ದ ದಿನ. ಅಮೆರಿಕ ಖಂಡಗಳಲ್ಲಿ ಪೂರ್ಣ ಚಂದ್ರಗ್ರಹಣ ಕಂಡ ದಿನ. ದುರಂತಕ್ಕೆ ಇದೇ ಕಾರಣವೆಂದು ನಾನು ಹೇಳುತ್ತಿಲ್ಲ. ಹುಣ್ಣಿಮೆಗೇ ಬೀಳುವ ಜಾತ್ರೆಗೆ ದೋಣಿಗಳ ವೇಳಾಪಟ್ಟಿ ಹಾಕುವವರು ಉಬ್ಬರವಿಳಿತದ ಕೋಷ್ಟಕವನ್ನು ಪಕ್ಕದಲ್ಲಿಟ್ಟುಕೊಳ್ಳಬೇಕು ಎಂದಷ್ಟೇ ಹೇಳುತ್ತಿದ್ದೇನೆ.

ಮೀನುಗಾರರಿಗೆ ಇದೆಲ್ಲ ಕೋಷ್ಟಕವಿಲ್ಲದೆ ಗೊತ್ತು. ಉಡುಪಿ ಜಿಲ್ಲೆಯ ಅಳಿವೆಯೊಂದರಲ್ಲಿ ಚಿತ್ರೀಕರಣಕ್ಕೆ ಹೋಗಿದ್ದಾಗ ಮಧ್ಯಾಹ್ನ ಮೂರಕ್ಕೆ ದೋಣಿ ಬಿಡಲು ಅಲ್ಲಿನ ತಾಂಡೇಲರು ಒಪ್ಪಲಿಲ್ಲ. “ನೀರು ಇಳೀತಾ ಉಂಟು, ಗಾಳಿ ಎದುರು ಉಂಟು. ನೀರು ನಿಲ್ಲಲಿ ಮಾರಾಯ್ರೆ, ಮತ್ತೆ ಹೋಗುವ” ಎಂದು ಬಲೆ ಹೊಲಿಯುತ್ತ ಕೂತರು. ಬೆಳಕು ಹೋಗುತ್ತದೆಂದು ನಮ್ಮ ಛಾಯಾಗ್ರಾಹಕರು ಚಡಪಡಿಸಿದ್ದೇ ಬಂತು, ಅವರು ಕದಲಲಿಲ್ಲ.

ಏಪ್ರಿಲ್, ಮೇ ತಿಂಗಳುಗಳಿಗೆ ಬೇರೆಯೇ ಎಚ್ಚರ ಬೇಕು. ಸಂಜೆ ಘಟ್ಟದ ಮೇಲೆ ಹೂಕೋಸಿನಂತೆ ಬೆಳೆದ ಮೋಡದ ಬುಡ ಕಪ್ಪಾದರೆ, ಅಲ್ಲಿಂದ ಕೆಳಗಿಳಿಯುವ ತಣ್ಣನೆಯ ಗಾಳಿ ಮಳೆಗಿಂತ ಮುಂದಾಗಿ ಕಡಲಿನತ್ತ ನುಗ್ಗುತ್ತದೆ. ಗಾಳಿ ಇದ್ದಕ್ಕಿದ್ದಂತೆ ಕನಿಷ್ಠ 16 ನಾಟ್ ಹೆಚ್ಚಿ, 22 ನಾಟ್ ಮುಟ್ಟಿ, ಒಂದು ನಿಮಿಷವಾದರೂ ನಿಂತರೆ ಹವಾಮಾನ ಶಾಸ್ತ್ರದಲ್ಲಿ ಅದು ಸ್ಕ್ವಾಲ್. ಮಿಂಚು ಕಂಡು ಗುಡುಗು ಕೇಳುವವರೆಗಿನ ಸೆಕೆಂಡುಗಳನ್ನು ಮೂರರಿಂದ ಭಾಗಿಸಿದರೆ ಕಿಲೋಮೀಟರಿನಲ್ಲಿ ದೂರ ಸಿಗುತ್ತದೆ. ದೋಣಿಯವರಿಗೆ ಈ ಭಾಗಾಕಾರವೂ ಬೇಡ. ಗುಡುಗು ಕೇಳಿಸಿತೆಂದರೆ ದಡ ಸೇರುವ ಹೊತ್ತಾಯಿತು.

ಮುನ್ಸೂಚನೆಗಳು ಈಗ ಸುಲಭವಾಗಿ ಸಿಗುತ್ತವೆ. ಭಾರತೀಯ ಹವಾಮಾನ ಇಲಾಖೆ ಮೀನುಗಾರರಿಗೆ ಎಚ್ಚರಿಕೆ ಕೊಡುತ್ತದೆ. ಹೈದರಾಬಾದಿನಲ್ಲಿರುವ ಸಾಗರ ಮಾಹಿತಿ ಸೇವಾ ಕೇಂದ್ರ, ಅಂದರೆ ಇನ್‌ಕಾಯಿಸ್, ಅಲೆಯ ಎತ್ತರ, ಅವಧಿ, ದಿಕ್ಕುಗಳನ್ನು ತಿಳಿಸುತ್ತದೆ. ಕಳ್ಳಕ್ಕಡಲಿನ ಎಚ್ಚರಿಕೆಯೂ ಅಲ್ಲಿಂದಲೇ ಬರುತ್ತದೆ. ಬಂದರುಗಳಲ್ಲಿ ಹಗಲು ಶಂಕು, ಸಿಲಿಂಡರುಗಳನ್ನೂ ರಾತ್ರಿ ಕೆಂಪು ಬಿಳಿ ದೀಪಗಳನ್ನೂ ಏರಿಸಿ ಸಂಕೇತ ಕೊಡುವ ಪದ್ಧತಿಯಿದೆ. ಮೂರನೆಯ ಸಂಖ್ಯೆಯ ಸಂಕೇತವೆಂದರೆ ಆ ಬಂದರಿಗೇ ಬಿರುಗಾಳಿಯ ಭಯವಿದೆ ಎಂದು. ಸಣ್ಣ ದೋಣಿ ಧಕ್ಕೆ ಬಿಡದಿರಲು ಅಷ್ಟು ಸಾಕು.

ಮುನ್ಸೂಚನೆಯನ್ನು ಓದುವ ಕ್ರಮ ಮಾತ್ರ ಗೊತ್ತಿರಬೇಕು. ಅಲೆಯ ಎತ್ತರ ಒಂದು ಮೀಟರ್ ಎಂದು ಹೇಳಿದರೆ ಅದು ಎಲ್ಲ ಅಲೆಗಳ ಮಿತಿಯಲ್ಲ. ಅತಿ ಎತ್ತರದ ಮೂರನೆಯ ಒಂದು ಭಾಗ ಅಲೆಗಳ ಸರಾಸರಿ ಅದು. ಕೆಲವು ಗಂಟೆ ಕಾದರೆ ಅದರ ಇಮ್ಮಡಿ ಎತ್ತರದ ಅಲೆಯೂ ಬರಬಹುದು. ಅಲ್ಲದೆ ಆ ಸಂಖ್ಯೆ ವಿಶಾಲವಾದ ಕಡಲಿಗೆ ಸಂಬಂಧಿಸಿದ್ದು. ನಿಮ್ಮೂರ ಅಳಿವೆಯ ಮರಳದಿಬ್ಬ ಈ ಮಳೆಗಾಲದಲ್ಲಿ ಎಲ್ಲಿಗೆ ಸರಿದಿದೆ ಎಂಬುದು ಹೈದರಾಬಾದಿನ ಗಣಕಯಂತ್ರಕ್ಕೆ ತಿಳಿಯದು, ಅದನ್ನು ದಿನವೂ ಅಲ್ಲಿ ಹೋಗಿ ಬರುವವರನ್ನೇ ಕೇಳಬೇಕು.

ಕರಾವಳಿಯ ವಿದ್ಯಾರ್ಥಿಗಳು ಇದನ್ನು ಸ್ವತಃ ಪರೀಕ್ಷಿಸಬಹುದು, ದೋಣಿ ಹತ್ತಬೇಕಾಗಿಲ್ಲ. ಅಳಿವೆ ಕಾಣುವ ದಡದಲ್ಲಿ, ನೀರಿನಿಂದ ದೂರ ಒಂದು ಜಾಗ ಗೊತ್ತು ಮಾಡಿಕೊಳ್ಳಿ. ಅಮಾವಾಸ್ಯೆಯಿಂದ ಹುಣ್ಣಿಮೆಯವರೆಗೆ ದಿನವೂ ಬೆಳಿಗ್ಗೆ ಎಂಟಕ್ಕೆ, ಮಧ್ಯಾಹ್ನ ಮೂರಕ್ಕೆ ಗಾಳಿಯ ದಿಕ್ಕು, ನೊರೆಯ ಪ್ರಮಾಣ, ನೀರು ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದನ್ನು ಬರೆದಿಡಿ. ತೇಲುವ ಗುರುತೊಂದನ್ನು ಹನ್ನೊಂದು ನೆತ್ತಿಗಳು ದಾಟಲು ಎಷ್ಟು ಸೆಕೆಂಡ್ ಬೇಕೆಂದು ಗಡಿಯಾರ ಹಿಡಿದು ನೋಡಿ ಹತ್ತರಿಂದ ಭಾಗಿಸಿದರೆ ಅಲೆಯ ಅವಧಿ ಸಿಗುತ್ತದೆ. ನಾಲ್ಕೈದು ಬಂದರೆ ಹತ್ತಿರದ ಗಾಳಿಯ ಅಲೆ, ಹನ್ನೆರಡು ಹದಿನೈದು ಬಂದರೆ ದೂರದ್ದು. ಆ ದಿನದ ಮುನ್ಸೂಚನೆಯನ್ನು ಪಕ್ಕದ ಕಾಲಮಿನಲ್ಲಿ ಬರೆದುಕೊಳ್ಳಿ.